ಸಂತೆಯ ಮಾತು, ಕುಲುಮೆಯ ಮಾತು

ತಿಳಿವಳಿಕೆ ಕಡಿಮೆಯಾದಷ್ಟೂ ಅಭಿಪ್ರಾಯ ಹೆಚ್ಚುವ ವಿಷಯವೊಂದು ಪ್ರತಿಯೊಂದು ಕಾಲಕ್ಕೂ ಇದ್ದೇ ಇರುತ್ತದೆ. ಹಿಂದೆ ಆ ಸ್ಥಾನ ರಾಜಕೀಯಕ್ಕೂ ಕ್ರಿಕೆಟ್ಟಿಗೂ ಸಲ್ಲುತ್ತಿತ್ತು; ಈಗ ಕಂಪ್ಯೂಟರು ಅವೆರಡನ್ನೂ ಬದಿಗೆ ಸರಿಸಿ ಕುಳಿತಿದೆ. ಹೆಬ್ಬಗೋಡಿಯಲ್ಲಿ ಹೊಸೂರು ರಸ್ತೆಯ ಯಾವ ಟೀ ಅಂಗಡಿಯ ಮುಂದೆಯಾದರೂ ಹತ್ತು ನಿಮಿಷ ನಿಂತು ಕೇಳಿ. ಯಾವ ಕಂಪೆನಿಯ ಪ್ರೊಸೆಸರು ಯಾವುದನ್ನು ಹಿಂದೆ ಹಾಕಿತು, ಅಮೆರಿಕದಲ್ಲಿ ಯಾರ ಷೇರು ಎಷ್ಟು ಏರಿತು, ಯಾರು ಎಷ್ಟು ಸಾವಿರ ಜನರನ್ನು ಮನೆಗೆ ಕಳುಹಿಸಲಿದ್ದಾರೆ, ಮುಂದಿನ ಫೋನಿಗೆ ಎಷ್ಟು ಕ್ಯಾಮೆರಾ—ಎಲ್ಲಕ್ಕೂ ಅಲ್ಲಿ ತೀರ್ಪು ಸಿದ್ಧವಾಗಿದೆ. 2025ರ ಆಗಸ್ಟ್ 10ರಂದು ಬೊಮ್ಮಸಂದ್ರದವರೆಗೆ ಮೆಟ್ರೊ ಬಂದ ಮೇಲೆ ಈ ವಾದಗಳು ರೈಲನ್ನೂ ಹತ್ತಿವೆ. ನಮ್ಮ ಪತ್ರಿಕೆಗಳ ತಂತ್ರಜ್ಞಾನದ ಅಂಕಣಗಳಾದರೂ ಈ ಅಂಗಡಿಗಿಂತ ಹೆಚ್ಚು ದೂರದಲ್ಲಿವೆಯೆಂದು ಹೇಳಲಾರೆ. ಕಂಪೆನಿ ಕಳುಹಿಸಿದ ಪ್ರಕಟಣೆಗೆ ಕನ್ನಡದ ವಿಭಕ್ತಿ ಪ್ರತ್ಯಯ ಹಚ್ಚಿ ಅಚ್ಚು ಹಾಕುವುದೇ ಅಲ್ಲಿ ಬರವಣಿಗೆ ಎನಿಸಿಕೊಳ್ಳುತ್ತಿದೆ.

ಹರಟೆಯ ಮೇಲೆ ನನಗೆ ಮುನಿಸೇನೂ ಇಲ್ಲ. ಹರಟೆಯನ್ನು ಒಂದು ಸಾಹಿತ್ಯ ಪ್ರಕಾರವೆಂದೇ ಗೌರವಿಸಿದ ಭಾಷೆ ನಮ್ಮದು. ನನ್ನ ಆಕ್ಷೇಪಣೆ ಬೇರೆ. ಕಂಪ್ಯೂಟರಿನ ಬಗ್ಗೆ ನಾವು ಆಡುತ್ತಿರುವುದೆಲ್ಲವೂ ಸಂತೆಯ ಮಾತು. ಕುಲುಮೆಯ ಮಾತು ಒಂದೂ ಇಲ್ಲ. ಕೊಳ್ಳೋಣವೆ ಬೇಡವೆ, ಏರುತ್ತದೆಯೆ ಇಳಿಯುತ್ತದೆಯೆ ಎಂಬುದನ್ನು ಬಿಟ್ಟರೆ, ಈ ವಸ್ತು ಹೇಗೆ ಆಯಿತು, ಯಾರ ಕೈಯಲ್ಲಿ ಆಯಿತು, ಆ ಕೈಗೆ ಎಷ್ಟು ಕೂಲಿ ಸಿಕ್ಕಿತು ಎಂದು ಕೇಳುವವರಿಲ್ಲ. ಹಳ್ಳಿಯ ಸಂತೆಯಲ್ಲಿ ಕುಡುಗೋಲು ಕೊಂಡ ರೈತನಿಗೆ ಅದನ್ನು ಬಡಿದ ಕುಲುಮೆಯ ದಾರಿ ಗೊತ್ತಿತ್ತು. ಬಾಯಿ ಮೊಂಡಾದರೆ ಅಲ್ಲಿಗೇ ಹೋಗುತ್ತಿದ್ದ. ನಮಗೋ ಕುಲುಮೆ ಪಕ್ಕದ ಬೀದಿಯಲ್ಲೇ ಇದೆ. ಆದರೂ ನಾವು ಮಾತನಾಡುವುದು ಕ್ಯಾಲಿಫೋರ್ನಿಯದ ಸಂತೆಯನ್ನು ಕುರಿತು.

ಈ ಮಾತು ಎಷ್ಟು ಪೊಳ್ಳೆಂಬುದಕ್ಕೆ ನ್ಯಾನೊಮೀಟರನ್ನೇ ನೋಡಬಹುದು. ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. "ಇದು 3 ನ್ಯಾನೊಮೀಟರ್ ಚಿಪ್ಪು, ಅದು 2 ನ್ಯಾನೊಮೀಟರ್ ಚಿಪ್ಪು" ಎಂದು ಹೇಳುವಾಗ ನಮ್ಮ ಪಂಡಿತರ ಮುಖದಲ್ಲಿ ಅಳತೆಗೋಲು ಹಿಡಿದು ನೋಡಿಬಂದವರ ಗಾಂಭೀರ್ಯವಿರುತ್ತದೆ. ಒಂದು ಕಾಲದಲ್ಲಿ ಈ ಸಂಖ್ಯೆ ಟ್ರಾನ್ಸಿಸ್ಟರಿನ ಒಂದು ಭಾಗದ ನಿಜವಾದ ಅಳತೆಯೇ ಆಗಿತ್ತು. 1990ರ ದಶಕ ಮುಗಿಯುವ ವೇಳೆಗೆ ಆ ನಂಟು ಸಡಿಲಿತು. ಈಗ ಕಡಿದೇ ಹೋಗಿದೆ. 3 ನ್ಯಾನೊಮೀಟರ್ ಎಂಬ ಹೆಸರಿನ ಚಿಪ್ಪಿನಲ್ಲಿ ಒಂದು ಗೇಟಿಗೂ ಅದರ ಪಕ್ಕದ ಗೇಟಿಗೂ 40 ನ್ಯಾನೊಮೀಟರಿಗೂ ಮಿಕ್ಕ ಅಂತರವಿರುತ್ತದೆ. ಹೊಸ ತಲೆಮಾರಿನದು ಹಳೆಯದಕ್ಕಿಂತ ಮೇಲೆಂಬುದು ಸರಿಯೇ. ಆದರೆ ಆ ಅಂಕಿ ಅಳತೆಯಲ್ಲ, ಸೀರೆಯಂಗಡಿಯವರು ಹೊಸ ಸೀರೆಗೆ ಸಿನಿಮಾದ ಹೆಸರಿಡುತ್ತಾರಲ್ಲ, ಅಂಥದೊಂದು ಹೆಸರು.

ಹೆಸರಿನ ಮೋಹ ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. 2025ರ ಮೇ ತಿಂಗಳಿನಲ್ಲಿ ಜಪಾನಿನ ರೆನೆಸಾಸ್ ಕಂಪೆನಿಯ 3 ನ್ಯಾನೊಮೀಟರ್ ವಿನ್ಯಾಸ ಕೇಂದ್ರಗಳು ನೊಯ್ಡಾದಲ್ಲೂ ಬೆಂಗಳೂರಿನಲ್ಲೂ ಉದ್ಘಾಟನೆಯಾದವು. ಸೆಪ್ಟೆಂಬರಿನಲ್ಲಿ ಆರ್ಮ್ ಕಂಪೆನಿ 2 ನ್ಯಾನೊಮೀಟರ್ ವಿನ್ಯಾಸದ ಕಚೇರಿಯನ್ನು ಬೆಂಗಳೂರಿನಲ್ಲಿ ತೆರೆಯಿತು. ಬಾಯಿಂದ ಬಾಯಿಗೆ ಬರುವಷ್ಟರಲ್ಲಿ ವಿನ್ಯಾಸವೆಂಬ ಮಾತು ಉದುರಿಹೋಯಿತು. "ಬೆಂಗಳೂರಿನಲ್ಲಿ ಚಿಪ್ಪು ತಯಾರಾಗುತ್ತದೆ" ಎಂಬುದಷ್ಟೇ ಉಳಿಯಿತು. ನಕ್ಷೆ ಬರೆದವನು ಗೋಡೆ ಕಟ್ಟಿದ ಹಾಗಾಯಿತೆ? ಬೆಂಗಳೂರಿನಲ್ಲಿ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಂದಿನಿಂದ ಚಿಪ್ಪಿನ ನಕ್ಷೆ ಬರೆಯುವ ಕೆಲಸ ನಡೆದಿದೆ. ನಲವತ್ತು ವರ್ಷದ ಗೌರವದ ವಿದ್ಯೆ ಅದು. ಅದಕ್ಕೆ ಸುಳ್ಳು ಕಿರೀಟದ ಅಗತ್ಯವಿಲ್ಲ. ಚಿಪ್ಪು ನಿಜವಾಗಿ ಆಗುವುದು ಬಹುಮಟ್ಟಿಗೆ ತೈವಾನಿನಂಥ ಕಡೆಗಳಲ್ಲಿ. ನಮ್ಮ ದೇಶದಲ್ಲಿ 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಟಾಟಾದವರ 91,000 ಕೋಟಿ ರೂಪಾಯಿಯ ಕಾರ್ಖಾನೆ ಇರುವುದು ಗುಜರಾತಿನ ಧೊಲೇರಾದಲ್ಲಿ. ಅದಕ್ಕೂ ಹಿಂದಿನದು ಪಂಜಾಬಿನ ಮೊಹಾಲಿಯದು. 1989ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಸುಟ್ಟು, ಮತ್ತೆ ಎದ್ದು ನಿಂತ ಸರ್ಕಾರಿ ಕಾರ್ಖಾನೆ. ರಾಕೆಟ್ಟುಗಳಿಗಾಗಿ ಮಾಡಿದ ವಿಕ್ರಮ್ 3201 ಎಂಬ ಪ್ರೊಸೆಸರು ಅಲ್ಲಿಯದೇ. ಅದು 180 ನ್ಯಾನೊಮೀಟರಿನದು. ನಮ್ಮ ಟೀ ಅಂಗಡಿಯಲ್ಲಿ ಈ 180 ಎಂಬ ಅಂಕಿ ನಗೆಪಾಟಲು. ನಡುಗುವ ರಾಕೆಟ್ಟಿನೊಳಗೆ ಬಿಸಿಯನ್ನೂ ಚಳಿಯನ್ನೂ ತಾಳಿ ಕೆಲಸ ಮಾಡತಕ್ಕ ಚಿಪ್ಪಿಗೂ ಜೇಬಿನಲ್ಲಿಟ್ಟು ಆಟವಾಡುವ ಚಿಪ್ಪಿಗೂ ಬೇಕಾದ ಗುಣಗಳು ಬೇರೆಬೇರೆ ಎಂದು ಯಾರಾದರೂ ಹೇಳಿಯಾರೆಂದು ಕಾದೆ. ಯಾರೂ ಹೇಳಲಿಲ್ಲ.

ಈ ಸಂತೆಯ ಮಾತಿಗೆ ಬಲಿಯಾದ ಒಂದು ಯಂತ್ರವನ್ನು ಇಲ್ಲಿ ನೆನೆಯಬೇಕು. ನಮ್ಮ ಪಕ್ಕದ ಎಲೆಕ್ಟ್ರಾನಿಕ್ ಸಿಟಿಗೆ ಆ ಹೆಸರು ಸುಮ್ಮನೆ ಬಂದುದಲ್ಲ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ, ಆರ್.ಕೆ. ಬಾಳಿಗರ ಮುಂದಾಳುತನದಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆ ನೆಲದ ಮೇಲೆ ಅದನ್ನು ಕಟ್ಟಹೊರಟಾಗ ಮನಸ್ಸಿನಲ್ಲಿದ್ದುದು ವಸ್ತುಗಳನ್ನು ಮಾಡುವ ಊರು. ಆ ಕನಸಿನ ಒಂದು ತುಣುಕು ಎರಡು ದಶಕದ ಮೇಲೆ ಊರಿನ ಇನ್ನೊಂದು ಮಗ್ಗುಲಲ್ಲಿ ನಿಜವಾಗಹೊರಟಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಸಾಫ್ಟ್‌ವೇರ್ ಕಂಪೆನಿಯವರೂ ಸೇರಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಕಂಪ್ಯೂಟರನ್ನು ರೂಪಿಸಿದರು. ಕೀಲಿಮಣೆಯಿಲ್ಲ, ಪರದೆಯನ್ನು ಕಡ್ಡಿಯಿಂದ ಮುಟ್ಟಿದರೆ ಸಾಕು. ಓದು ಬಾರದವರಿಗೆ ನಮ್ಮ ಭಾಷೆಗಳಲ್ಲಿ ಓದಿಹೇಳುವ ಏರ್ಪಾಡು ಅದರಲ್ಲಿತ್ತು. ಹಳ್ಳಿಗೊಂದು ಯಂತ್ರ, ಮನುಷ್ಯನಿಗೊಂದು ಕಾರ್ಡು—ತನ್ನ ಕಾರ್ಡು ತೂರಿಸಿದವನಿಗೆ ಅಷ್ಟು ಹೊತ್ತು ಅದು ತನ್ನದೇ ಯಂತ್ರ. ಎಣಿಸಿದ ಬೆಲೆ ಸುಮಾರು 9,000 ರೂಪಾಯಿ. ಅದರ ವಿನ್ಯಾಸವನ್ನು ಯಾರು ಬೇಕಾದರೂ ಪರವಾನಗಿ ಪಡೆದು ತಯಾರಿಸಬಹುದಾಗಿತ್ತು.

2001ರಲ್ಲಿ ಅದರ ಮಾದರಿ ಹೊರಬಿತ್ತು. ಅದೇ ವರ್ಷದ ಕೊನೆಗೆ ಅಮೆರಿಕದ ಲೇಖಕ ಬ್ರೂಸ್ ಸ್ಟರ್ಲಿಂಗ್ ನ್ಯೂಯಾರ್ಕ್ ಟೈಮ್ಸಿನ ಸಾಪ್ತಾಹಿಕದಲ್ಲಿ ಅದನ್ನು ಮೆಚ್ಚಿ ಬರೆದರು. ಇನ್ನೇನು! ಪರದೇಶದವರು ಹೊಗಳಿದ ಮೇಲೆ ನಮಗೆ ಹೊಗಳಲು ಅಭ್ಯಂತರವೇನಿದೆ? ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿದಾಯಿತು. 2004ರಲ್ಲಿ ನಮ್ಮ ಬಿ.ಇ.ಎಲ್. ಕಾರ್ಖಾನೆಯಲ್ಲಿ ತಯಾರಾಗಿ, ಅಮಿಡಾ ಎಂಬ ಹೆಸರಿನಲ್ಲಿ, ಸುಮಾರು 10,000 ರೂಪಾಯಿಯಿಂದ ಮೇಲಿನ ಬೆಲೆಗೆ ಅದು ಅಂಗಡಿಗೆ ಬಂದಾಗ, ಹೊಗಳಿದ ನಾಲಗೆಗಳೇ ಬೇರೆ ರಾಗ ಹಿಡಿದವು: ಹೊರಗಿನದು ಇದಕ್ಕಿಂತ ಅಂದ, ಹೊರಗಿನದು ಇದಕ್ಕಿಂತ ವೇಗ. ಹಿತ್ತಲ ಗಿಡ ಮದ್ದಲ್ಲ. ಅಮಿಡಾವನ್ನು ಕೈಯಲ್ಲಿ ಹಿಡಿದು ಒಂದಿಷ್ಟು ಓಲಿಸಿದರೆ ಪುಟ ಮಗುಚಿಕೊಳ್ಳುತ್ತಿತ್ತು. 2007ರಲ್ಲಿ ಐಫೋನಿನ ಚಿತ್ರ ಕೈ ತಿರುಗಿಸಿದಂತೆ ತಿರುಗಿದಾಗ ಇದೇ ಜನ ಕಣ್ಣರಳಿಸಿ ನೋಡಿದರು. ಅವರು ನಮ್ಮದನ್ನು ನೋಡಿ ಮಾಡಿದರೆಂದು ನಾನು ಹೇಳುತ್ತಿಲ್ಲ. ನಮ್ಮದನ್ನು ನಾವೇ ನೋಡಲಿಲ್ಲವೆಂದು ಹೇಳುತ್ತಿದ್ದೇನೆ.

ಸಿಂಪ್ಯೂಟರ್ ಸೋತಿತು, ಮಾರಾಟವಾದದ್ದು ಕೆಲವೇ ಸಾವಿರ. ಸೋಲಿಗೆ ಗಟ್ಟಿಯಾದ ಕಾರಣಗಳಿದ್ದವು. ಬಿಡಿಭಾಗಗಳನ್ನು ಸಣ್ಣ ಪ್ರಮಾಣದಲ್ಲಿ ತರಿಸಿದರೆ ಬೆಲೆ ಏರುತ್ತದೆ. ಬೆಲೆ ಏರಿದರೆ ಕೊಳ್ಳುವವರು ಕಡಿಮೆ. ಕೊಳ್ಳುವವರು ಕಡಿಮೆಯಾದರೆ ಮತ್ತೆ ಸಣ್ಣ ಪ್ರಮಾಣ. ಈ ಸುಳಿಯಿಂದ ಎತ್ತಬಲ್ಲದ್ದು ಸರ್ಕಾರದ ದೊಡ್ಡ ಖರೀದಿ ಒಂದೇ, ಅದು ಬರಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗಿ ಹಳ್ಳಿಯನ್ನು ಹೊಕ್ಕಿತು. ಈ ಲೆಕ್ಕವನ್ನು ಎಂಟನೆಯ ತರಗತಿಯ ಹುಡುಗನಿಗೂ ಕನ್ನಡದಲ್ಲಿ ತಿಳಿಹೇಳಬಹುದು. ಆದರೆ ಸಂತೆಗೆ ಬೇಕಾದುದು ಗೆಲುವು, ಇಲ್ಲವೇ ಗೇಲಿ. ಸೋಲನ್ನು ಬಿಚ್ಚಿ ನೋಡುವ ತಾಳ್ಮೆ ಕುಲುಮೆಯದು.

ಇದು ಹಳೆಯ ಕಥೆ ಎನ್ನುವವರಿಗೆ ಹತ್ತಿರದ್ದೊಂದನ್ನು ಜ್ಞಾಪಿಸುತ್ತೇನೆ. 2020ರ ಡಿಸೆಂಬರ್ 12ರ ಬೆಳಗ್ಗೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಐಫೋನು ಜೋಡಿಸುತ್ತಿದ್ದ ವಿಸ್ಟ್ರಾನ್ ಕಂಪೆನಿಯ ಕಾರ್ಖಾನೆಯಲ್ಲಿ ಕೆಲಸಗಾರರು ಗಾಜು ಒಡೆದರು, ಯಂತ್ರ ಕೆಡವಿದರು. ಒಡೆದದ್ದು ತಪ್ಪು; ಅದನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ಆದರೆ ಅಂದಿನ ಮಾತುಗಳನ್ನು ನೆನಪಿಗೆ ತಂದುಕೊಳ್ಳಿ. ನಷ್ಟ 437 ಕೋಟಿ ಎಂದು ಪೊಲೀಸರಿಗೆ ಕೊಟ್ಟ ದೂರಿನ ಅಂಕಿ ಎಲ್ಲರ ಬಾಯಲ್ಲೂ ಕುಣಿಯಿತು. ಕೆಲವೇ ದಿನಗಳಲ್ಲಿ ಕಂಪೆನಿ ತನ್ನ ದೇಶದಲ್ಲಿ ಕೊಟ್ಟ ಹೇಳಿಕೆಯಲ್ಲಿ ಅದು 26ರಿಂದ 52 ಕೋಟಿಯೊಳಗೆ ಇಳಿಯಿತು. ಈ ಎರಡನೆಯ ಅಂಕಿಗೆ ಕುಣಿಯುವ ಯೋಗ ಬರಲಿಲ್ಲ. ಬಂಡವಾಳ ಓಡಿಹೋಗುತ್ತದೆ, ವಿಯೆಟ್ನಾಮಿನ ಪಾಲಾಗುತ್ತದೆ, ಕರ್ನಾಟಕದ ಮಾನ ಹೋಯಿತು—ಇದೇ ಚರ್ಚೆ. ಸಂಬಳ ಸರಿಯಾಗಿ ಬರಲಿಲ್ಲ, ಹೆಚ್ಚು ಹೊತ್ತು ದುಡಿದದ್ದಕ್ಕೆ ಲೆಕ್ಕವಿಲ್ಲ ಎಂಬ ಕೂಗು ಮೂಲೆಯ ಸುದ್ದಿಯಾಗಿತ್ತು. ಕೊನೆಗೆ ಸರ್ಕಾರದ ಅಧಿಕಾರಿಗಳು ಪರಿಶೀಲಿಸಿದಾಗ ಹಾಜರಾತಿ ಮತ್ತು ವೇತನದ ಲೆಕ್ಕದಲ್ಲಿ ಲೋಪಗಳು ಸಿಕ್ಕವು. ಆಪಲ್ ಕಂಪೆನಿ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ವಿಸ್ಟ್ರಾನ್ ತಾನೇ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡುತ್ತಿದ್ದ ತನ್ನ ಉಪಾಧ್ಯಕ್ಷರನ್ನು ತೆಗೆಯಿತು. ಮಾಡಿದವರೇ ಒಪ್ಪಿಕೊಂಡ ಮೇಲೂ ನಮ್ಮ ಟೀ ಅಂಗಡಿಯ ನ್ಯಾಯಾಲಯ ತನ್ನ ಮೊದಲ ತೀರ್ಪನ್ನು ತಿದ್ದಲಿಲ್ಲ. 2023ರಲ್ಲಿ ಆ ಕಾರ್ಖಾನೆ ಟಾಟಾದವರ ಕೈಗೆ ಬಂದಿತು. ಮಾತು ಷೇರಿನ ಕಡೆ ಹೊರಳಿತು.

ಇದರಲ್ಲಿ ನನಗೆ ದಿಗಿಲುಂಟುಮಾಡುವುದು ಏನೆಂದರೆ, ಹೀಗೆ ಮಾತನಾಡುವವರಲ್ಲಿ ಅರ್ಧದಷ್ಟು ಜನ ಅಂಥದೇ ಕಾರ್ಖಾನೆಗಳಲ್ಲಿ ದುಡಿಯುವ ಹುಡುಗರು. ಬೊಮ್ಮಸಂದ್ರದಲ್ಲಿ ಗುತ್ತಿಗೆದಾರನ ಕೈಕೆಳಗೆ ದುಡಿದು, ಕಂತಿನ ಮೇಲೆ ಫೋನು ಕೊಂಡು, ಆ ಫೋನಿನೊಳಗಿನ ಚಿಪ್ಪಿನ ವಂಶಾವಳಿಯನ್ನು ಅವರು ಬಾಯಿಪಾಠ ಹೇಳುತ್ತಾರೆ. ತಮ್ಮ ಸಂಬಳದ ಚೀಟಿಯಲ್ಲಿ ಭವಿಷ್ಯನಿಧಿಗೆ ಎಷ್ಟು ಹೋಯಿತು ಎಂದು ಕೇಳಿದರೆ ತಡವರಿಸುತ್ತಾರೆ. ತಮ್ಮ ಕೆಲಸವನ್ನು ಕುರಿತು ಮಾತನಾಡುವುದು ಅವರಿಗೆ ಕೀಳೆನಿಸಿಬಿಟ್ಟಿದೆ. ಸಂತೆಯ ಮಾತು ಮಾಡಿರುವ ನಿಜವಾದ ಕೇಡು ಇದು.

ಕೊಳ್ಳುವವರಿಗಾದರೂ ಈ ಮಾತಿನಿಂದ ಲಾಭವುಂಟೆ? 2025ರ ಕೊನೆಯಲ್ಲಿ ಕಂಪ್ಯೂಟರಿನ ಮೆಮೊರಿಯ ಬೆಲೆ ಏಕಾಏಕಿ ಏರಿತು. "ಈಗಲೇ ಕೊಳ್ಳಿ", "ಕಾಯಿರಿ" ಎಂದು ಎರಡು ಪಂಥಗಳಾದವು. ಪ್ರಪಂಚದ ಮೆಮೊರಿಯ ಬಹುಪಾಲು ಸ್ಯಾಮ್‌ಸಂಗ್, ಎಸ್‌.ಕೆ. ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪೆನಿಗಳ ಕೈಯಲ್ಲಿದೆ. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ಹೆಚ್ಚು ಬೆಲೆ ಕೊಡುವುದರಿಂದ ಅವರು ತಮ್ಮ ಉತ್ಪಾದನೆಯನ್ನು ಅತ್ತ ತಿರುಗಿಸಿದರು. ಹೊಸ ಕಾರ್ಖಾನೆ ಏಳಲು ವರ್ಷಗಳು ಹಿಡಿಯುತ್ತವೆ. ಇಷ್ಟು ಮಾತು ಗೊತ್ತಿದ್ದರೆ ಕಾಯಬೇಕೆ ಬೇಡವೆ ಎಂಬುದನ್ನು ಯಾವ ಪಂಥಕ್ಕೂ ಸೇರದೆ ತಾನೇ ನಿರ್ಧರಿಸಬಹುದಿತ್ತು.

"ಕನ್ನಡ ಪಾಠ ಹೇಳುವವರಿಗೆ ಚಿಪ್ಪಿನ ಗೊಡವೆ ಯಾಕೆ, ಮೇಷ್ಟ್ರೆ? ಇದಕ್ಕೆಲ್ಲ ಕನ್ನಡದಲ್ಲಿ ಮಾತೇ ಇಲ್ಲವಲ್ಲ" ಎಂದು ಮಿತ್ರರೊಬ್ಬರು ಕೇಳಿದರು. ಈ ಎರಡನೆಯ ವಾಕ್ಯಕ್ಕಾಗಿಯೇ ನನಗೆ ಗೊಡವೆ. ಶಿವರಾಮ ಕಾರಂತರು "ವಿಜ್ಞಾನ ಪ್ರಪಂಚ"ದ ನಾಲ್ಕು ಸಂಪುಟಗಳನ್ನು ಬರೆಯುವಾಗ ಶಬ್ದಗಳು ಬರಲೆಂದು ಕಾಯುತ್ತ ಕೂರಲಿಲ್ಲ. ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು ಸುತ್ತಿದ್ದನ್ನೇ "ಹಸುರು ಹೊನ್ನು" ಮಾಡಿದರು. ಸಸ್ಯಶಾಸ್ತ್ರದ ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅವರಿಬ್ಬರಿಗೂ ವಸ್ತು ಗೊತ್ತಿತ್ತು. ಮಾತು ಹಿಂದಿನಿಂದ ಬಂದಿತು. ನಮಗೆ ಕೊರತೆಯಿರುವುದು ಶಬ್ದಕ್ಕಲ್ಲ, ನೋಡುವ ಕಣ್ಣಿಗೆ.

ಅಷ್ಟೇ ಏಕೆ, ಕುಲುಮೆಯ ಕನ್ನಡ ಆಗಲೇ ಹುಟ್ಟಿದೆ. ಅಚ್ಚಿಗೆ ಬಂದಿಲ್ಲ, ಅಷ್ಟೆ. ರಾಯಚೂರಿನ ಕಡೆಯ ಹುಡುಗನೊಬ್ಬ, ರಾತ್ರಿ ಶಿಫ್ಟು ಮುಗಿಸಿ ನಮ್ಮ ತರಗತಿಗೆ ಬರುವವನು, ತನ್ನ ಕೆಲಸವನ್ನು ನನಗೊಮ್ಮೆ ವಿವರಿಸಿದ. ಹಸುರು ಹಲಗೆಯ ಮೇಲೆ ಬೆಸುಗೆಯ ಸರಿಯನ್ನು ಜರಡಿಯಂಥ ತಗಡಿನಿಂದ ಸಾರಿಸುತ್ತಾರಂತೆ. ಸಾಸಿವೆಗಿಂತ ಚಿಕ್ಕ ಭಾಗಗಳನ್ನು ಯಂತ್ರ ಕೋಳಿ ಕಾಳು ಹೆಕ್ಕಿದಂತೆ ಹೆಕ್ಕಿ ಅದರ ಮೇಲೆ ಕೂರಿಸುತ್ತದಂತೆ. ಆಮೇಲೆ ಹಲಗೆ ಉದ್ದನೆಯ ಒಲೆಯೊಳಗೆ ಹೊಕ್ಕು ಮೆಲ್ಲಗೆ ಸಾಗುತ್ತದೆ. ಬಿಸಿ ಮೆಟ್ಟಿಲು ಮೆಟ್ಟಿಲಾಗಿ ಏರಿ 240 ಡಿಗ್ರಿಯ ಸುತ್ತ ಮುಟ್ಟಿದಾಗ ಬೆಸುಗೆ ಕರಗಿ ಹಿಡಿಯುತ್ತದೆ. "ಒಲಿ ಉರಿ ತಪ್ಪಿತಂದ್ರ ರೊಟ್ಟಿ ಸೀದಂಗ ಸರ್, ಒಂದ್ ಬದಿ ಎದ್ದ್ ನಿಂತುಬಿಡ್ತಾವ" ಎಂದ. ಉರಿ ಒಂದೇ ಸಮ ತಾಗದಿದ್ದರೆ ಪುಟ್ಟ ಭಾಗಗಳು ಒಂದು ತುದಿಯ ಮೇಲೆ ನೆಟ್ಟಗೆ ನಿಂತುಬಿಡುವ ದೋಷವದು. ಯಾವ ಪಾರಿಭಾಷಿಕ ಕೋಶವೂ ಅವನಿಗೆ ಈ ಮಾತು ಕಲಿಸಿಕೊಟ್ಟಿರಲಿಲ್ಲ. ಸದರ್ ಪತ್ರಪ್ಪ ರಸ್ತೆಯ ರಿಪೇರಿ ಅಂಗಡಿಗಳಲ್ಲಿ ಕನ್ನಡ, ಉರ್ದು, ತಮಿಳು ಬೆರೆತು ನಡೆಯುವ ಸಂಭಾಷಣೆಯೂ ಇಂಥದೇ. ಕೆಟ್ಟ ಹಲಗೆಯನ್ನು ಬೆಳಕಿಗೆ ಹಿಡಿದವನು ಯಾವ ಕಂಪೆನಿ ಮೇಲು ಎಂದು ಹೇಳುವುದಿಲ್ಲ, ಎಲ್ಲಿ ಸುಟ್ಟಿದೆ ಎಂದು ಹೇಳುತ್ತಾನೆ.

ಪತ್ರಿಕೆಯ ಮಿತ್ರರಲ್ಲಿ ನನ್ನದೊಂದು ಕೋರಿಕೆಯಿದೆ. ಮುಂದಿನ ಸಲ ಮಂತ್ರಿಗಳು ಟೇಪು ಕತ್ತರಿಸಿದ ಚಿತ್ರವನ್ನು ಮುಖಪುಟಕ್ಕೆ ಹಾಕುವಾಗ, ಅಲ್ಲಿ ಆಗುವುದು ನಕ್ಷೆಯೊ, ಚಿಪ್ಪೊ, ಬರಿಯ ಜೋಡಣೆಯೊ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಕೆಲಸಗಾರರಲ್ಲಿ ಕಾಯಂ ಎಷ್ಟು, ಗುತ್ತಿಗೆ ಎಷ್ಟು ಎಂದು ವಿಚಾರಿಸಿರಿ. ನಿಮ್ಮ ತಂತ್ರಜ್ಞಾನದ ಅಂಕಣಕಾರರು ತಿಂಗಳಿಗೊಮ್ಮೆ ಹೊಸ ಫೋನಿನ ವರ್ಣನೆಯನ್ನು ಬಿಟ್ಟು ಬೊಮ್ಮಸಂದ್ರಕ್ಕೆ ಬರಲಿ. ಶಿಫ್ಟು ಬದಲಾಗುವ ಹೊತ್ತಿಗೆ ಬಂದರೆ ಒಳಗೆ ಹೋಗುವವರೂ ಹೊರಗೆ ಬರುವವರೂ ಒಟ್ಟಿಗೆ ಸಿಕ್ಕುತ್ತಾರೆ. ಮೆಟ್ರೊ ಅಲ್ಲಿಯವರೆಗೂ ಇದೆ.