ಮಂಡಕ್ಕಿಗೆ ಜೊತೆ ಬೇಕು

ಕೊಟ್ಟೂರು, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಗಳ ಕಡೆ ಒಗ್ಗರಣೆಯೆಂದರೆ ಸಾರಿಗೆ ಹಾಕುವ ಸಾಸಿವೆ-ಕರಿಬೇವು ಮಾತ್ರವಲ್ಲ. ಅದೊಂದು ತಿಂಡಿಯ ಹೆಸರೂ ಹೌದು. ನೆನೆಸಿ ಹಿಂಡಿದ ಮಂಡಕ್ಕಿಯಿಂದಾಗುವ ಈ ಒಗ್ಗರಣೆಗೂ ಬಿಸಿ ಮಿರ್ಚಿಗೂ ಬಿಡದ ನಂಟು.

ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದ ಅಕ್ಕಿಗೆ ಉಪ್ಪುನೀರು ಬೆರೆಸಿ, ಕಾದ ಮರಳಿನಲ್ಲಿ ಹುರಿದರೆ ಮಂಡಕ್ಕಿ. ಕಾಳಿನೊಳಗಿನ ತೇವವು ಆವಿಯಾಗಿ ಹೊರನುಗ್ಗುವಾಗ ಅಕ್ಕಿ ಅರಳುತ್ತದೆ. ಬುಟ್ಟಿ ತುಂಬಿದರೂ ತೂಕ ಅತ್ಯಲ್ಪ. ಬರಿಯ ಮಂಡಕ್ಕಿ ತಿಂದ ಮಕ್ಕಳಿಗೆ ಬೇಗನೆ ಮತ್ತೆ ಹಸಿವಾಗಲು ಇದೂ ಒಂದು ಕಾರಣ.

ನೂರು ಗ್ರಾಂ ಮಂಡಕ್ಕಿಯಲ್ಲಿ ಸಸಾರಜನಕ ಸುಮಾರು 7.5 ಗ್ರಾಂ. ಅಷ್ಟೇ ತೂಕದ ಪುಟಾಣಿಯಲ್ಲಿ, ಅಂದರೆ ಹುರಿಗಡಲೆಯಲ್ಲಿ, ಸುಮಾರು 22 ಗ್ರಾಂ; ಶೇಂಗಾದಲ್ಲಿ 25 ಗ್ರಾಂ. ಅಕ್ಕಿಯಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಂಶ ಕಡಲೆಯಲ್ಲಿ ಧಾರಾಳವಾಗಿದೆ. ಆದ್ದರಿಂದ ಒಗ್ಗರಣೆಯ ಮೇಲೆ ಉದುರಿಸುವ ಪುಟಾಣಿ ಹಿಟ್ಟು ಕೇವಲ ರುಚಿಗಾಗಿ ಅಲ್ಲ. ತಿಂಡಿಯನ್ನು ಆಹಾರವನ್ನಾಗಿಸುವುದು ಅದೇ.

ಗೃಹಿಣಿಯರು ಮಾಡಬೇಕಾದುದಿಷ್ಟೆ: ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಕೂಡಲೇ ಹಿಂಡಬೇಕು. ಅದರಲ್ಲಿ ಮೊದಲೇ ಉಪ್ಪಿರುವುದರಿಂದ ರುಚಿ ನೋಡಿಯೇ ಮತ್ತೆ ಹಾಕಬೇಕು. ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆಗೆ ಶೇಂಗಾ ಸೇರಿಸಿ, ಪುಟಾಣಿ ಹಿಟ್ಟನ್ನು ಕೈಬಿಚ್ಚಿ ಹಾಕಬೇಕು. ಚಿಕ್ಕ ಮಕ್ಕಳಿಗಾದರೆ ಶೇಂಗಾ ಗಂಟಲಿಗೆ ಸಿಕ್ಕದಂತೆ ಪುಡಿಮಾಡಿರಬೇಕು. ನಿಂಬೆರಸ ಹಿಂಡುವುದು ಒಲೆಯಿಂದಿಳಿಸಿದ ಮೇಲೆ. ಬಿಸಿಗೆ ಅದರ ‘ಸಿ’ ಜೀವಸತ್ವ ನಷ್ಟವಾಗುತ್ತದೆ.

ಇನ್ನು ಮಿರ್ಚಿ. ಕಡಲೆಹಿಟ್ಟಿನದಾದರೂ ಎಣ್ಣೆ ಹೀರುವ ಈ ನೆಂಟ ಸಂತೆಯ ದಿನ ಬಂದು ಹೋದರೆ ಚೆನ್ನ. ನಿತ್ಯವೂ ಮನೆಯಲ್ಲಿ ನಿಲ್ಲಬಾರದು.