ಓಲೆಯೂ ಉಳಿಯಬೇಕು, ಧ್ವನಿಯೂ ಉಳಿಯಬೇಕು

ಶ್ರಾವಣಮಾಸವು ಬಂದಿತೆಂದರೆ ಅಥಣಿ, ಚಿಕ್ಕೋಡಿ, ರಾಯಬಾಗ, ನಿಪ್ಪಾಣಿ, ಕಾಗವಾಡಗಳ ಸೀಮೆಯಲ್ಲಿ ಭಜನೆಯ ತಾಳಗಳು ನಿನದಿಸತೊಡಗುತ್ತವೆ. ಹದಿನೈದನೆಯ ಶತಮಾನದ ನಿಜಗುಣ ಶಿವಯೋಗಿಗಳ ‘ಕೈವಲ್ಯ ಪದ್ಧತಿ’ಯ ಪದಗಳು ಅಕ್ಷರವರಿಯದವರ ನಾಲಗೆಯ ಮೇಲೂ ನಲಿಯುತ್ತವೆ. ಆದರೆ ಇಂಥ ಪದಗಳನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ ಓಲೆಗರಿಯ ಕಟ್ಟುಗಳು ಹುಳು, ತೇವ, ಹೊಗೆಗಳಿಗೆ ತುತ್ತಾಗುತ್ತಿರುವುದು ವಿಷಾದದ ಸಂಗತಿ.

ಪದಗಳು ಅಚ್ಚಾಗಿರುವಾಗ ಓಲೆಯ ಹಂಗೇಕೆಂದು ಕೆಲವರು ಕೇಳುವರು. 1923ರಲ್ಲಿ ಫ. ಗು. ಹಳಕಟ್ಟಿಯವರು ‘ವಚನ ಶಾಸ್ತ್ರಸಾರ’ವನ್ನು ಅಚ್ಚು ಹಾಕಿಸದಿದ್ದರೆ ನಾಡಿಗಾಗುತ್ತಿದ್ದ ನಷ್ಟ ಅಪಾರ, ಮುದ್ರಣದ ಉಪಕಾರವನ್ನು ಅಲ್ಲಗಳೆಯಲಾಗದು. ಆದರೂ ಸಂಪಾದಕನು ಹಲವು ಪಾಠಗಳಲ್ಲಿ ಒಂದನ್ನು ಆಯ್ದುಕೊಳ್ಳಲೇಬೇಕು. ಲಿಪಿಕಾರನ ತಿದ್ದುಪಡಿ, ಅಂಚಿನ ಗುರುತು, ಪದದ ತಲೆಯ ಮೇಲಿನ ರಾಗನಾಮದ ಭೇದ ಇವೆಲ್ಲ ಯಥಾವತ್ತಾಗಿ ಉಳಿಯುವುದು ಛಾಯಾಪ್ರತಿಯ ಆವೃತ್ತಿಯಲ್ಲಿ ಮಾತ್ರ.

ಇಟಲಿಯ ಫ್ಲಾರೆನ್ಸಿನಲ್ಲಿರುವ ‘ಸ್ಕ್ವಾರ್ಚಾಲೂಪಿ’ ಎಂಬ ಹದಿನೈದನೆಯ ಶತಮಾನದ ಸಂಗೀತದ ಹಸ್ತಪ್ರತಿಯನ್ನು 1992ರಲ್ಲಿ ಹೀಗೆಯೇ ಪ್ರಕಟಿಸಲಾಯಿತು. ಅಲ್ಲಿ ಸ್ವರಗಳೂ ಚಿಹ್ನೆಗಳಲ್ಲಿ ಲಿಖಿತವಾಗಿವೆ. ಬಲ್ಲವನು ಪುಟವನ್ನು ನೋಡಿಯೇ ಹಾಡಬಲ್ಲನು. ಕನ್ನಡದ ಪದಗಳ ಓಲೆಯಲ್ಲಿ ಸಾಮಾನ್ಯವಾಗಿ ಸಾಹಿತ್ಯವಿರುತ್ತದೆ, ರಾಗ ತಾಳಗಳ ಹೆಸರಿರುತ್ತದೆ, ಸ್ವರವಿರುವುದಿಲ್ಲ. ಅದು ಇರುವುದು ಹಾಡುವವರ ಕೊರಳಿನಲ್ಲಿ. ಆದುದರಿಂದ ಯುರೋಪಿನ ಮಾದರಿಯನ್ನು ಹಾಗೆಯೇ ಅನುಸರಿಸಿದರೆ ಅರ್ಧ ಕಾರ್ಯವಾದೀತು. ಓಲೆಯ ಛಾಯಾಪ್ರತಿಯೊಡನೆ ಹಿರಿಯ ಭಜನಕಾರರ ಧ್ವನಿಮುದ್ರಣವೂ ಜೊತೆಗೂಡಿದಾಗಲೇ ಆವೃತ್ತಿಯು ಪೂರ್ಣವೆನಿಸುವುದು. ಇಂದಿನ ಧಾಟಿಯು ಐದು ಶತಮಾನಗಳ ಹಿಂದಿನದೇ ಎಂದು ಯಾರೂ ಹೇಳಲಾರರು. ಆದರೆ ಇಂದಿನದನ್ನೂ ಕಳೆದುಕೊಂಡರೆ ಹುಡುಕಲು ದಾರಿಯೇ ಉಳಿಯದು.

ದೇವರ ಜಗಲಿಯ ಮೇಲೆ ಪೂಜೆಗೊಳ್ಳುವ ಕಟ್ಟನ್ನು ಪರರ ಕೈಗೆ ಕೊಡಲು ಮನೆತನದವರು ಹಿಂಜರಿಯುವುದು ಸಹಜ. ಛಾಯಾಗ್ರಹಣಕ್ಕೆ ಕಟ್ಟು ಊರು ಬಿಡಬೇಕಾಗಿಲ್ಲ. ಬಲ್ಲವರು ಮನೆಗೇ ಬಂದು ಅದನ್ನು ಬಿಚ್ಚಿ, ಚಿತ್ರ ತೆಗೆದು, ಮರಳಿ ಕಟ್ಟಿಡಬಹುದು. ಧ್ವನಿಮುದ್ರಣಕ್ಕಾದರೋ ಶಾಲೆಯ ಬಾಲಕನ ಕೈಗೆಟಕುವ ಮೊಬೈಲೂ ಆರಂಭಕ್ಕೆ ಸಾಕು.

ಕಾಗವಾಡದ ನೆರೆಯ ಮಿರಜಿನ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ವಾದ್ಯಕ್ಕೆ ಸಂದ ಆದರವು ಹಾಡಿಗೂ ಸಲ್ಲಬೇಡವೇ? ಓಲೆಯು ಇನ್ನೂ ಕೆಲವು ಮಳೆಗಾಲಗಳನ್ನು ತಾಳೀತು. ಎಂಬತ್ತು ದಾಟಿದ ಕೊರಳು ಕಾಯಲಾರದು. ವಿದ್ಯಾರ್ಥಿಗಳು ಮೊದಲು ತಮ್ಮ ಊರಿನ ಅಜ್ಜನ ಬಳಿ ಕುಳಿತು ಕೇಳಲಿ.