ಗಾಲಿಯ ಮನೆಯೂ ಮನೆಯೆ

ಕಾಡಿಗೆ ಹೋದ ಮೇಲೂ ಊರಿನ ಗದ್ದಲವೇಕೆ ಎಂದು ಕೇಳುವ ವಿಚಾರವಂತರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಅಮೆರಿಕದಲ್ಲಿ ಆರ್‌ವಿ ಎಂದು ಕರೆಯುವ ವಾಹನವೊಂದುಂಟು. ಮಲಗುವ ಮಂಚ, ಅಡಿಗೆಯ ಒಲೆ, ನೀರಿನ ತೊಟ್ಟಿ, ಶೌಚದ ಕೋಣೆ ಎಲ್ಲವೂ ಅದರೊಳಗೇ ಇರುತ್ತವೆ. ಗಾಲಿಯ ಮೇಲೆ ಕಟ್ಟಿದ ಮನೆಯೆಂದರೆ ಸರಿಯಾದೀತು. ಅದರ ಮಾಡಿನ ಮೇಲೆ ಅಂತರ್ಜಾಲದ ತಟ್ಟೆಯೊಂದನ್ನು ಕಂಡೊಡನೆ ಈ ವಿಚಾರವಂತರಿಗೆ ಕೋಪ ಬರುತ್ತದೆ. ಪ್ರಕೃತಿಯನ್ನು ನೋಡಲು ಬಂದವನಿಗೆ ಮೊಬೈಲಿನ ಹಂಗೇಕೆ, ಎರಡು ದಿನ ಜಗತ್ತನ್ನು ಮರೆತರೆ ಆಗದೆ, ಎಂದು ಉಪದೇಶಿಸುತ್ತಾರೆ. ಮಕ್ಕಳನ್ನು ನೋಡಲು ಆ ದೇಶಕ್ಕೆ ಹೋಗಿ ಬರುವ ನಮ್ಮವರಲ್ಲಿಯೂ ಕೆಲವರು ಇದೇ ಮಾತನ್ನು ಹೊತ್ತು ತರುತ್ತಾರೆ. ಕೇಳಲು ಸೊಗಸಾದ ಮಾತು; ಆದರೆ ಹೊಟ್ಟೆ ತುಂಬಿದವರ ಮಾತು.

ಉಪದೇಶಕರು ಮರೆಯುವ ಸಂಗತಿಯೊಂದಿದೆ. ಗಾಲಿಯ ಮನೆಯಲ್ಲಿರುವವರೆಲ್ಲರೂ ರಜೆ ಕಳೆಯಲು ಹೊರಟ ಶ್ರೀಮಂತರಲ್ಲ. 2008ರ ಆರ್ಥಿಕ ಕುಸಿತದ ನಂತರ ಸಾಲವನ್ನೂ ಬಾಡಿಗೆಯನ್ನೂ ತೆರಲಾರದೆ, ಇಳಿವಯಸ್ಸಿನಲ್ಲಿ ವಾಹನವನ್ನೇ ಮನೆ ಮಾಡಿಕೊಂಡವರ ಕಥೆಯನ್ನು ಜೆಸಿಕಾ ಬ್ರೂಡರ್ ಎಂಬ ಲೇಖಕಿ 2017ರಲ್ಲಿ ‘ನೊಮ್ಯಾಡ್‌ಲ್ಯಾಂಡ್’ ಎಂಬ ಪುಸ್ತಕದಲ್ಲಿ ಬರೆದರು. 2020ರಲ್ಲಿ ಅದು ಚಲನಚಿತ್ರವೂ ಆಯಿತು. ಇಂಥವರು ಒಂದು ಋತುವಿನಲ್ಲಿ ಬೀಟ್‌ಗೆಡ್ಡೆಯ ಸುಗ್ಗಿಗೆ, ಇನ್ನೊಂದರಲ್ಲಿ ಅಮೆಜಾನಿನ ಉಗ್ರಾಣಕ್ಕೆ, ಮತ್ತೊಂದರಲ್ಲಿ ಪ್ರವಾಸಿ ಶಿಬಿರಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಅಲೆಯುತ್ತಿದ್ದರು. ಕೆಲಸದ ಅರ್ಜಿ, ಬ್ಯಾಂಕಿನ ವ್ಯವಹಾರ, ವೈದ್ಯರ ಸಲಹೆ, ಪಿಂಚಣಿಯ ಲೆಕ್ಕ, ದೂರದ ಮೊಮ್ಮಗುವಿನ ಮುಖ, ಇವೆಲ್ಲ ಅವರಿಗೆ ಅಂತರ್ಜಾಲದ ಮೂಲಕವೇ ದೊರೆಯಬೇಕು. ನಿಂತ ಮನೆಯ ಬಾಗಿಲಿಗೆ ಅಂಚೆಯವನು ಬರುತ್ತಾನೆ. ಇವರ ಬಾಗಿಲೇ ಓಡುತ್ತಿರುತ್ತದೆ. ಇಂಥವರಿಗೆ ‘ಜಗತ್ತನ್ನು ಮರೆಯಿರಿ’ ಎನ್ನುವುದು ಉಪವಾಸವಿದ್ದವನಿಗೆ ಏಕಾದಶಿಯ ಮಹಿಮೆ ಹೇಳಿದಂತೆ.

‘ಬೇಕಾದವರು ಕೊಂಡುಕೊಳ್ಳಲಿ, ಬೇಡವೆಂದವರಾರು?’ ಎಂಬುದು ಮುಂದಿನ ವಾದ. ಕೊಳ್ಳುವುದು ಅಷ್ಟು ಸುಲಭವೆ? ಶಿಬಿರದ ವೈಫೈ ನಂಬಿದರೆ, ಒಂದೇ ಸಂಪರ್ಕವನ್ನು ಸುತ್ತಲಿನ ಎಲ್ಲ ವಾಹನಗಳೂ ಹಂಚಿಕೊಂಡು ಸಂಜೆಯ ಹೊತ್ತಿಗೆ ಯಾರಿಗೂ ಇಲ್ಲದಂತಾಗುತ್ತದೆ. ಮೊಬೈಲ್ ಗೋಪುರವನ್ನು ನಂಬಿದರೆ, ಗೋಪುರಗಳು ಜನ ಹೆಚ್ಚಿರುವಲ್ಲಿ ನಿಲ್ಲುತ್ತವೆ. ಬಡವನು ಬಾಡಿಗೆಯಿಲ್ಲದೆ ವಾಹನ ನಿಲ್ಲಿಸಬಹುದಾದ ಸರಕಾರಿ ಬಯಲಿನಲ್ಲಲ್ಲ. ಉಪಗ್ರಹವನ್ನು ನಂಬೋಣವೆ? ಹಳೆಯ ಬಗೆಯ ಉಪಗ್ರಹ 35,786 ಕಿಲೊಮೀಟರು ಎತ್ತರದಲ್ಲಿದೆ. ಕೇಳಿದ ಪ್ರಶ್ನೆಗೆ ಉತ್ತರ ಬರಲು ಅರ್ಧ ಸೆಕೆಂಡಿಗೆ ಕಡಿಮೆಯಿಲ್ಲ. 2022ರಲ್ಲಿ ಆರ್‌ವಿಗಳಿಗೆಂದೇ ಸೇವೆ ಆರಂಭಿಸಿದ ಸ್ಟಾರ್‌ಲಿಂಕ್‌ನ ಉಪಗ್ರಹಗಳು ಸುಮಾರು 550 ಕಿಲೊಮೀಟರು ಎತ್ತರದಲ್ಲಿ ಸುತ್ತುವುದರಿಂದ ಆ ಕಷ್ಟ ಕಳೆಯಿತು, ನಿಜ. ಆದರೆ ತಟ್ಟೆಗೆ ಬಯಲು ಆಕಾಶ ಬೇಕು; ಮರದ ನೆರಳಿನಲ್ಲಿ ನಿಂತರೆ ಅದು ಕುರುಡು. 50 ವ್ಯಾಟ್ ಬೇಡುವ ತಟ್ಟೆ ದಿನವಿಡೀ ಉರಿದರೆ 1,200 ವ್ಯಾಟ್-ಗಂಟೆ ಆಯಿತು. 12 ವೋಲ್ಟಿನ 100 ಆಂಪಿಯರ್-ಗಂಟೆಯ ಬ್ಯಾಟರಿಯೊಂದು ಪೂರ್ತಿ ಬರಿದಾದಂತೆ. ಬೇಸಿಗೆಯ ಮರುಭೂಮಿಯಲ್ಲಿ ನೆರಳು ಬೇಕೋ ಸುದ್ದಿ ಬೇಕೋ ಎಂದು ಮುದುಕರು ಆರಿಸಿಕೊಳ್ಳಬೇಕಾದದ್ದನ್ನು ವಿಲಾಸವೆಂದು ಕರೆಯುವವರಿಗೆ ಏನು ಹೇಳೋಣ?

ಇನ್ನು ವ್ಯಾಪಾರಿಗಳ ಭಾಷೆ. ‘ಅಪರಿಮಿತ’ ಎಂದು ಮಾರುತ್ತಾರೆ. ಇಷ್ಟು ಗಿಗಾಬೈಟ್ ದಾಟಿದರೆ ವೇಗವನ್ನು ಇಳಿಸುತ್ತಾರೆ. ಇದೇ ಕಾರಣಕ್ಕೆ ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ 2014ರಲ್ಲಿ ಎಟಿ ಅಂಡ್ ಟಿ ಕಂಪೆನಿಯ ಮೇಲೆ ದಾವೆ ಹೂಡಿತು. 2019ರಲ್ಲಿ ಕಂಪೆನಿ 6 ಕೋಟಿ ಡಾಲರು ಕೊಟ್ಟು ರಾಜಿ ಮಾಡಿಕೊಂಡಿತು. ಪಾವಿನಲ್ಲಿ ಅಳೆದು ಸೇರೆಂದು ಮಾರುವ ಅಂಗಡಿಯವನನ್ನು ನಮ್ಮ ಸಂತೆಯಲ್ಲಿ ಜನ ಸುಮ್ಮನೆ ಬಿಡುತ್ತಿದ್ದರೆ?

ಸರಕಾರದ ನಡತೆಯನ್ನಾದರೂ ಹೊಗಳೋಣವೆಂದರೆ ಅದಕ್ಕೂ ಎಡೆಯಿಲ್ಲ. 2021ರ ಕಾಯಿದೆ ಅಂತರ್ಜಾಲ ವಿಸ್ತರಣೆಗೆ 4,245 ಕೋಟಿ ಡಾಲರುಗಳ ಯೋಜನೆಯೊಂದನ್ನು ಮಾಡಿತು; ಅದು ಎಣಿಸುವುದು ನಕ್ಷೆಯ ಮೇಲೆ ನಿಂತ ಮನೆ, ಅಂಗಡಿಗಳ ಚುಕ್ಕೆಗಳನ್ನು. ಓಡುವ ಮನೆ ಚುಕ್ಕೆಯಾಗುವುದೆಂತು? ಬಡ ಕುಟುಂಬಗಳಿಗೆ ತಿಂಗಳಿಗೆ 30 ಡಾಲರು ರಿಯಾಯಿತಿ ಕೊಡುತ್ತಿದ್ದ ಯೋಜನೆ ಹಣವಿಲ್ಲದೆ 2024ರಲ್ಲಿ ನಿಂತಿತು. ಗ್ರಂಥಾಲಯಗಳು ಪುಸ್ತಕದಂತೆಯೇ ಹಾಟ್‌ಸ್ಪಾಟ್ ಪೆಟ್ಟಿಗೆಗಳನ್ನೂ ಎರವಲು ಕೊಡಲು ನೆರವಾಗುವುದಾಗಿ ಸಂಪರ್ಕ ಆಯೋಗ 2024ರ ಜುಲೈನಲ್ಲಿ ತೀರ್ಮಾನಿಸಿತು. 2025ರ ಸೆಪ್ಟೆಂಬರಿನಲ್ಲಿ ಅದೇ ಆಯೋಗ ಆ ತೀರ್ಮಾನವನ್ನು ಹಿಂತೆಗೆದುಕೊಂಡಿತು. ಇದೇ ದೇಶ 1935ರಲ್ಲಿ ಗ್ರಾಮ ವಿದ್ಯುದೀಕರಣ ಇಲಾಖೆಯನ್ನು ಕಟ್ಟಿತ್ತು. ಹೊಲದ ಮನೆಗೆ ತಂತಿ ಎಳೆದರೆ ಗಿಟ್ಟುವುದಿಲ್ಲವೆಂದು ಖಾಸಗಿ ಕಂಪೆನಿಗಳು ಕೈಚೆಲ್ಲಿದ್ದಾಗ, ರೈತರ ಸಹಕಾರ ಸಂಘಗಳಿಗೆ ಸಾಲ ಕೊಟ್ಟು ದೀಪ ಹತ್ತಿಸಿತ್ತು. ಅಂದು ತೋರಿದ ಧೈರ್ಯ ಇಂದು ಎಲ್ಲಿ ಹೋಯಿತು?

ಮೌನದ ಬೆಲೆಯನ್ನು ನಾನು ಅಲ್ಲಗಳೆಯುವುದಿಲ್ಲ. ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕ್ ಸುತ್ತ 1958ರಲ್ಲಿ ಸುಮಾರು 13,000 ಚದರ ಮೈಲಿಗಳ ರೇಡಿಯೊ ಮೌನ ವಲಯವನ್ನು ನಿಯಮದಿಂದ ಮಾಡಿದರು. ನಕ್ಷತ್ರಗಳ ಕ್ಷೀಣ ದನಿಯನ್ನು ಕೇಳುವ ದೂರದರ್ಶಕಕ್ಕಾಗಿ ಆ ಏರ್ಪಾಡು. ಅದಕ್ಕೊಂದು ಉದ್ದೇಶವಿದೆ, ಎಲ್ಲರಿಗೂ ಒಂದೇ ಕಟ್ಟಳೆಯಿದೆ. ಆದರೆ ಮೌನವ್ರತ ಹಿಡಿದವನು ಬೇರೆ, ನಾಲಿಗೆ ಕಳೆದುಕೊಂಡವನು ಬೇರೆ. ಮೊಬೈಲನ್ನು ಆರಿಸಿ ಬೆಟ್ಟ ನೋಡುವ ಸುಖ, ಬೇಕೆಂದಾಗ ಅದನ್ನು ಹೊತ್ತಿಸಬಲ್ಲವನಿಗೆ ಮಾತ್ರ ಸುಖ. 2020ರಲ್ಲಿ ಶಾಲೆಗಳು ಮುಚ್ಚಿದಾಗ ನಮ್ಮ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದರು. ‘ಪ್ರಕೃತಿಯ ಮಡಿಲಲ್ಲಿದ್ದೀರಿ, ಪಾಠವೇಕೆ?’ ಎಂದು ಅವರನ್ನು ಕೇಳುವ ಎದೆ ಯಾರಿಗಾದರೂ ಇತ್ತೆ?

ಆದ್ದರಿಂದ ಬೇಕಾದದ್ದು ಉಪದೇಶವಲ್ಲ, ಮೂರು ಕೆಲಸಗಳು. ಮಿತಿಯುಳ್ಳದ್ದನ್ನು ಅಪರಿಮಿತವೆಂದು ಮಾರುವುದು ನಿಲ್ಲಲಿ. ಸಾರ್ವಜನಿಕರ ಹಣ ಗೋಡೆಯನ್ನಲ್ಲ, ಮನುಷ್ಯನನ್ನು ಹಿಂಬಾಲಿಸಲಿ. ದಾರಿಯ ಊರಿನ ಗ್ರಂಥಾಲಯಕ್ಕೆ ಕಸಿದುಕೊಂಡ ನೆರವು ಮರಳಲಿ. ಇಷ್ಟಾದ ಮೇಲೆ, ಯಾರು ಎಷ್ಟು ಹೊತ್ತು ಬೆಟ್ಟ ನೋಡಬೇಕು, ಎಷ್ಟು ಹೊತ್ತು ಪರದೆ ನೋಡಬೇಕು ಎಂಬುದನ್ನು ಆ ಮನೆಯವರಿಗೇ ಬಿಡೋಣ. ನಮ್ಮ ನಿಂತ ಮನೆಗಳೊಳಗೆ ಇಣುಕಿ ಅದನ್ನು ಕೇಳುವವರು ಯಾರೂ ಇಲ್ಲವಲ್ಲ!